ಸುಟ್ಟ ಕಾಡು ಎಷ್ಟು ಬೇಗ ಎದ್ದು ನಿಲ್ಲುತ್ತದೆ? ಉಪಗ್ರಹ ಚಿತ್ರದಿಂದ ಅಳೆಯುವ ಬಗೆ

2023ರ ಮಾರ್ಚ್ ಮೊದಲ ವಾರದಲ್ಲಿ ಗೋವಾದ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ಗಳಲ್ಲಿ ನೀರು ಹೊತ್ತು ತಂದು ಸುರಿದವು. ಆಮೇಲೆ ಮಳೆಗಾಲ ಬಂತು, ಬೆಟ್ಟ ಹಸಿರಾಯಿತು, ಸುದ್ದಿ ನಿಂತಿತು. ಈಗ ಫೋನಿನ ನಕ್ಷೆಯಲ್ಲಿ ನೋಡಿದರೆ ಸುಟ್ಟ ಗುಡ್ಡ ಯಾವುದು, ಸುಡದ ಗುಡ್ಡ ಯಾವುದು ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಹಸಿರು ಒಂದೇ ಮಳೆಗೆ ಬರುತ್ತದೆ, ಕಾಡು ಹಾಗೆ ಬರುವುದಿಲ್ಲ. ಪೆಟ್ಟು ಬಿದ್ದ ಮೇಲೆ ಕಾಡು ಎಷ್ಟು ಬೇಗ, ಎಷ್ಟರ ಮಟ್ಟಿಗೆ ತನ್ನ ಹಳೆಯ ಸ್ಥಿತಿಗೆ ಮರಳುತ್ತದೆ ಎಂಬುದೇ ಅದರ ತಾಳಿಕೆ. ಇದನ್ನು ಅಳೆಯಲು ಬೇಕಾದ ಉಪಗ್ರಹ ಚಿತ್ರಗಳೆಲ್ಲ ಇಂದು ಉಚಿತ. ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಮತ್ತು ಒಂದಿಷ್ಟು ತಾಳ್ಮೆ ಇದ್ದರೆ ಕಾಲೇಜು ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ. ಗೋವಾದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಲ್ಲಿ ಬಹಳ ಜನ ಊರಿಗೆ ಹೋಗಿಬರುವುದೇ ಈ ಕಾಡುಗಳ ನಡುವೆ: ಚೋರ್ಲಾ ಘಾಟ್, ಅನಮೋಡ ಘಾಟ್, ಇಲ್ಲವೇ ಕುಳೆಂನಿಂದ ದೂಧ್‌ಸಾಗರ್ ದಾಟಿ ಕ್ಯಾಸಲ್‌ರಾಕ್‌ಗೆ ಏರುವ ರೈಲು. ಆ ಕಡೆಯ ಒಂದು ತುಂಡು ಕಾಡನ್ನು ಆರಿಸಿಕೊಂಡು ವರ್ಷವರ್ಷ ಗಮನಿಸುವವರು ನಮ್ಮ ನಡುವೆ ನಾಲ್ಕು ಜನರಾದರೂ ಇರಬೇಕು ಎಂಬುದು ನನ್ನ ಆಸೆ. ಅವರಿಗಾಗಿಯೇ ಈ ಬರಹ.

ಮೊದಲು ಒಂದು ತುಂಡು ಕಾಡು

ಇಡೀ ಗೋವಾವನ್ನು ಒಂದೇ ಸಲ ಅಳೆಯಲು ಹೋಗಬೇಡಿ. ಮಹದಾಯಿ ಅಭಯಾರಣ್ಯವೊಂದೇ 208 ಚದರ ಕಿ.ಮೀ.ಗಿಂತ ಹೆಚ್ಚಿದೆ, ಅದರೊಳಗೆ ನಿತ್ಯಹರಿದ್ವರ್ಣ ಕಾಡು, ಎಲೆ ಉದುರಿಸುವ ಕಾಡು, ಗೇರು ತೋಟ, ಜಂಬಿಟ್ಟಿಗೆಯ ಬೋಳು ಹಾಸು ಎಲ್ಲವೂ ಇವೆ. ಇವನ್ನೆಲ್ಲ ಕಲೆಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಬೆಂಕಿ ಬಿದ್ದ ಜಾಗ ಹುಡುಕಲು ನಾಸಾದ ಫರ್ಮ್ಸ್ ಎಂಬ ತಾಣವಿದೆ. ದಿನಾಂಕ ಕೊಟ್ಟರೆ ಆ ದಿನಗಳಲ್ಲಿ ಉಪಗ್ರಹಕ್ಕೆ ಕಂಡ ಬೆಂಕಿಯ ಚುಕ್ಕೆಗಳು ನಕ್ಷೆಯ ಮೇಲೆ ಮೂಡುತ್ತವೆ. ಉಪಗ್ರಹದಲ್ಲಿರುವ ವೀರ್ಸ್ (VIIRS) ಉಪಕರಣದ ಚುಕ್ಕೆಗಳನ್ನೇ ಆರಿಸಿ, 2012ರಿಂದೀಚಿನ ದಾಖಲೆ ಸಿಗುತ್ತದೆ. ಒಂದು ಎಚ್ಚರ: ಆ ಒಂದೊಂದು ಚುಕ್ಕೆ ಸುಮಾರು 375 ಮೀಟರ್ ಅಗಲದ ಚೌಕದ ನಡುಬಿಂದು. ಬೆಂಕಿ ಆ ಚೌಕದೊಳಗೆ ಎಲ್ಲೋ ಇತ್ತು ಎಂದಷ್ಟೇ ಅರ್ಥ. ಜೊತೆಗೆ ಆ ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಗೆ ಮತ್ತು ರಾತ್ರಿ ಒಂದೂವರೆಗೆ. ನಡುವೆ ಹೊತ್ತಿ ಆರಿದ ಬೆಂಕಿ ಅದಕ್ಕೆ ಕಾಣದೇ ಹೋಗಬಹುದು.

ಚುಕ್ಕೆಗಳು ದಟ್ಟವಾಗಿರುವ ಕಡೆ 20ರಿಂದ 50 ಹೆಕ್ಟೇರಿನ ಒಂದು ಗಡಿ ಎಳೆಯಿರಿ. ಇದು ನಿಮ್ಮ ಪೆಟ್ಟು ತಿಂದ ತುಂಡು. ಇನ್ನು ಹತ್ತಿರದಲ್ಲೇ, ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿದ, ಬೆಂಕಿ ಬೀಳದ ಇನ್ನೊಂದು ತುಂಡನ್ನು ಆರಿಸಿ. ಇದು ಜೋಡಿ ತುಂಡು. ಇದಿಲ್ಲದೆ ಮುಂದಿನ ಯಾವ ಲೆಕ್ಕವೂ ನಂಬಿಕೆಗೆ ಅರ್ಹವಲ್ಲ. ದಿಕ್ಕಿನ ಮಾತು ಯಾಕೆಂದರೆ, ನಾವು ಬಳಸುವ ಸೆಂಟಿನೆಲ್-2 ಉಪಗ್ರಹ ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ ಚಿತ್ರ ತೆಗೆಯುತ್ತದೆ. ಡಿಸೆಂಬರಿನಲ್ಲಿ ಆಗ ಸೂರ್ಯ ಆಗ್ನೇಯಕ್ಕೆ ತಗ್ಗಿರುತ್ತಾನೆ. ವಾಯವ್ಯಕ್ಕೆ ಇಳಿಯುವ ಇಳಿಜಾರುಗಳಿಗೆ ಬಿಸಿಲು ಕಡಿಮೆ, ತೀರಾ ಕಡಿದಾದವು ನೆರಳಿನಲ್ಲೇ ಇರುತ್ತವೆ. ಒಂದು ತುಂಡು ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೆ ನೀವು ಅಳೆಯುವುದು ಕಾಡನ್ನಲ್ಲ, ನೆರಳನ್ನು.

ಗಡಿ ಎಳೆಯುವಾಗ ಜಂಬಿಟ್ಟಿಗೆಯ ಹಾಸುಗಳನ್ನು ಕಡ್ಡಾಯವಾಗಿ ಬಿಟ್ಟುಬಿಡಿ. ಚೋರ್ಲಾ, ಸುರ್ಲಾ ಕಡೆ ಇಂಥವು ಬೇಕಾದಷ್ಟಿವೆ. ಮಳೆಗಾಲದಲ್ಲಿ ಹುಲ್ಲು, ಹೂವು ತುಂಬಿ ಮಾರ್ಚ್‌ಗೆ ಕಂದು ಬಣ್ಣಕ್ಕೆ ತಿರುಗುವುದು ಅವುಗಳ ಸಹಜ ಗುಣ. ಅದನ್ನು ಹಾಳಾದ ಕಾಡು ಎಂದು ಬರೆದುಕೊಂಡು, ಅಲ್ಲಿ ಗಿಡ ನೆಡಬೇಕು ಎಂದು ಹೊರಡುವವರು ಇದ್ದಾರೆ. ಆ ಹಾಸಿನಲ್ಲಷ್ಟೇ ಬೆಳೆಯುವ ಸಣ್ಣ ಸಸ್ಯಗಳಿಗೆ ಅದು ಬೆಂಕಿಗಿಂತ ದೊಡ್ಡ ಪೆಟ್ಟು.

ಚಿತ್ರ ಎಲ್ಲಿಂದ, ಯಾವ ತಿಂಗಳದ್ದು

ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಉಚಿತ ಖಾತೆ ತೆರೆದರೆ ಸೆಂಟಿನೆಲ್-2ರ ಚಿತ್ರಗಳು ಸಿಗುತ್ತವೆ. ಮೊದಲ ಉಪಗ್ರಹ 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿತು. ಎರಡೂ ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತಿದ್ದವು; 2025ರಿಂದ ಮೊದಲನೆಯದರ ಕೆಲಸವನ್ನು ಮೂರನೆಯ ಉಪಗ್ರಹ ವಹಿಸಿಕೊಂಡಿದೆ. ಉಪಗ್ರಹ ಬೆಳಕನ್ನು ಬ್ಯಾಂಡ್ ಎಂಬ ಪಟ್ಟಿಗಳಾಗಿ ಬೇರ್ಪಡಿಸಿ ಅಳೆಯುತ್ತದೆ: ಕೆಂಪು ಮತ್ತು ಸಮೀಪದ ಅವಗೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬ್ಯಾಂಡ್‌ಗಳಲ್ಲಿ ಒಂದು ಪಿಕ್ಸೆಲ್ 10 ಮೀಟರ್, ಕಿರುತರಂಗದ ಅವಗೆಂಪಿನಲ್ಲಿ 20 ಮೀಟರ್. ಇದಕ್ಕೂ ಹಿಂದಕ್ಕೆ ಹೋಗಬೇಕಿದ್ದರೆ 30 ಮೀಟರಿನ ಲ್ಯಾಂಡ್‌ಸ್ಯಾಟ್ ಇದೆ, ಅದರ ಭಂಡಾರ 2008ರಿಂದ ಎಲ್ಲರಿಗೂ ಮುಕ್ತ. ನಮ್ಮ ಇಸ್ರೋದ ಭೂನಿಧಿ ತಾಣದಲ್ಲಿ ರಿಸೋರ್ಸ್‌ಸ್ಯಾಟ್ ಚಿತ್ರಗಳಿವೆ. ಆರಂಭಕ್ಕೆ ಸೆಂಟಿನೆಲ್-2 ಸಾಕು. ಪಟ್ಟಿಯಲ್ಲಿ ಎಲ್2ಎ ಎಂದಿರುವುದನ್ನೇ ತೆಗೆದುಕೊಳ್ಳಿ. ಅದರಲ್ಲಿ ಗಾಳಿಯ ಮಬ್ಬನ್ನು ಸರಿಪಡಿಸಿರುತ್ತಾರೆ.

ತಿಂಗಳ ಆಯ್ಕೆಯಲ್ಲಿ ಹಗುರಾಗಿ ನಡೆದುಕೊಂಡರೆ ಇಡೀ ಶ್ರಮ ನೀರುಪಾಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಗೋವಾದಲ್ಲಿ ಆ ನಾಲ್ಕು ತಿಂಗಳು ಚಿತ್ರವೇ ಇಲ್ಲ ಎಂದುಕೊಳ್ಳಿ. ಫೆಬ್ರವರಿಯಿಂದ ಮತ್ತಿ, ನಂದಿ, ಜಂಬೆ ಮರಗಳು ಎಲೆ ಉದುರಿಸುತ್ತವೆ, ಬೆಂಕಿ ಇಲ್ಲದೆಯೂ ಬೆಟ್ಟ ಬೋಳಾಗಿ ಕಾಣುತ್ತದೆ. ಹಾಗಾಗಿ ಎರಡು ಕಾಲಾವಧಿಗಳನ್ನು ಇಟ್ಟುಕೊಳ್ಳಿ. ಒಂದು, ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆ: ಆಕಾಶ ತಿಳಿ, ಮರದಲ್ಲಿ ಎಲೆ. ಇನ್ನೊಂದು, ಮಾರ್ಚ್: ಒಣಗಾಲದ ಮುಖ. ಡಿಸೆಂಬರನ್ನು ಡಿಸೆಂಬರಿಗೇ, ಮಾರ್ಚನ್ನು ಮಾರ್ಚಿಗೇ ಹೋಲಿಸಬೇಕು. ಅಕ್ಟೋಬರಿನ ಚಿತ್ರವನ್ನು ಏಪ್ರಿಲಿನ ಪಕ್ಕ ಇಟ್ಟು "ನೋಡಿ, ಕಾಡು ಹೋಯಿತು" ಎಂದು ತೋರಿಸುವ ಚಿತ್ರಜೋಡಿಗಳು ಹರಿದಾಡುತ್ತಲೇ ಇರುತ್ತವೆ. ಅಂಥವು ಒಳ್ಳೆಯ ಹೋರಾಟಗಳ ಮೇಲಿನ ನಂಬಿಕೆಯನ್ನೇ ಕೆಡಿಸುತ್ತವೆ.

ಎರಡು ಸೂಚ್ಯಂಕ, ಒಂದು ಗುಪ್ತ ಗುಂಡಿ

ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕದ ಹೆಸರು ನೀವು ಕೇಳಿರಬಹುದು. ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು, ಅಷ್ಟೇ. ಆರೋಗ್ಯವಂತ ಎಲೆ ಕೆಂಪನ್ನು ಹೀರಿ ಅವಗೆಂಪನ್ನು ಹೊರಚೆಲ್ಲುವುದರಿಂದ ಅಂಕಿ 1ರ ಕಡೆಗೆ ಹೋಗುತ್ತದೆ. ಆದರೆ ದಟ್ಟ ಕಾಡಿನಲ್ಲಿ ಇದು ಬೇಗ ತುಂಬಿಕೊಳ್ಳುತ್ತದೆ. ಒಳ್ಳೆಯ ಕಾಡಿಗೂ ತುಂಬ ಒಳ್ಳೆಯ ಕಾಡಿಗೂ ವ್ಯತ್ಯಾಸ ತೋರಿಸುವುದಿಲ್ಲ. ಬೆಂಕಿಯ ಲೆಕ್ಕಕ್ಕೆ ಎನ್‌ಬಿಆರ್ ಎಂಬ ಇನ್ನೊಂದು ಸೂಚ್ಯಂಕ ಮೇಲು. ಲೆಕ್ಕ ಅದೇ, ಆದರೆ ಕೆಂಪಿನ ಬದಲು ಕಿರುತರಂಗದ ಅವಗೆಂಪು: ಸಮೀಪದ ಅವಗೆಂಪಿಗೆ ಬ್ಯಾಂಡ್ 8, ಕಿರುತರಂಗದ್ದಕ್ಕೆ ಬ್ಯಾಂಡ್ 12. ಎಲೆಯಲ್ಲಿನ ನೀರು ಬ್ಯಾಂಡ್ 12ರ ಬೆಳಕನ್ನು ಹೀರುತ್ತದೆ. ಸುಟ್ಟು ಒಣಗಿದ ನೆಲ ಅದನ್ನೇ ಹೊರಚೆಲ್ಲುತ್ತದೆ. ಬೆಂಕಿಯ ಮುಂಚೆ 0.55 ಇದ್ದದ್ದು ನಂತರ 0.20ಕ್ಕೆ ಇಳಿದರೆ, ಆ 0.35ರ ಇಳಿಕೆಯೇ ಪೆಟ್ಟಿನ ಅಳತೆ.

ಈಗ ಗುಂಡಿಯ ವಿಷಯ. ಕಚ್ಚಾ ಕಡತ ಇಳಿಸಿಕೊಂಡು ತಾವೇ ಲೆಕ್ಕ ಹಾಕುವವರು ಇದನ್ನು ಎರಡು ಸಲ ಓದಿ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆ ಬದಲಾಯಿತು. ಅಂದಿನಿಂದ ಪ್ರತಿ ಪಿಕ್ಸೆಲ್ಲಿನ ಬೆಲೆಗೆ 1000 ಕೂಡಿಸಿ ಕೊಡುತ್ತಾರೆ. ಒಂದು ಮರದ ತಲೆಯ ಪಿಕ್ಸೆಲ್ ಎಂದಿಟ್ಟುಕೊಳ್ಳಿ: ಅವಗೆಂಪು 3000, ಕೆಂಪು 300. ಎನ್‌ಡಿವಿಐ ಎಂದರೆ 2700ನ್ನು 3300ರಿಂದ ಭಾಗಿಸಿದ್ದು, 0.82. ಅದೇ ಮರ, ಅದೇ ಎಲೆ, ಹೊಸ ಕಡತದಲ್ಲಿ 4000 ಮತ್ತು 1300 ಆಗಿರುತ್ತದೆ. ಹಾಗೇ ಲೆಕ್ಕ ಹಾಕಿದರೆ 2700 ಭಾಗಿಸು 5300, ಅಂದರೆ 0.51. ಕಾಡಿಗೆ ಏನೂ ಆಗಿಲ್ಲ, ನಿಮ್ಮ ಪಟ್ಟಿಯಲ್ಲಿ ಮಾತ್ರ ಅರಣ್ಯನಾಶ. ಪ್ರತಿ ಬ್ಯಾಂಡಿನಿಂದ 1000 ಕಳೆದು ಮುಂದುವರಿಯಿರಿ. ಹಳೆಯ ಚಿತ್ರಗಳನ್ನೂ ಮರುಸಂಸ್ಕರಿಸಿ ಕೊಡುತ್ತಿರುವುದರಿಂದ ದಿನಾಂಕ ನೋಡಿ ಊಹಿಸದೆ ಕಡತದ ಜೊತೆಗಿರುವ ವಿವರ ಪತ್ರ ನೋಡಿ ಖಚಿತಪಡಿಸಿಕೊಳ್ಳಿ. ಗೂಗಲ್ ಅರ್ಥ್ ಎಂಜಿನ್ ಬಳಸುವವರಿಗೆ ಇದನ್ನು ಸರಿಪಡಿಸಿದ ಸಂಗ್ರಹ ಬೇರೆಯಾಗಿಯೇ ಇದೆ, ಅದನ್ನೇ ಆರಿಸಿದರೆ ಈ ತಲೆನೋವಿಲ್ಲ.

ತುಂಡಿನ ಸರಾಸರಿ ತೆಗೆಯಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಗಡಿಯನ್ನೂ ಚಿತ್ರವನ್ನೂ ತೆರೆದು ವಲಯವಾರು ಅಂಕಿಅಂಶದ ಸಾಧನ ಓಡಿಸಿದರೆ ಗಡಿಯೊಳಗಿನ ಸರಾಸರಿ ಬರುತ್ತದೆ. ಸರಾಸರಿಗಿಂತ ಮಧ್ಯಾಂಕ, ಅಂದರೆ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು, ಒಳ್ಳೆಯದು. ಒಂದು ತುಣುಕು ಮೋಡ ತಪ್ಪಿಸಿಕೊಂಡು ಒಳನುಗ್ಗಿದರೂ ಅಂಕಿ ಕೆಡುವುದಿಲ್ಲ.

ಚೇತರಿಕೆಯ ಲೆಕ್ಕ

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಅಂಕಿಗಳು ತಿಳಿಸಿ ಹೇಳಲು ಇಟ್ಟುಕೊಂಡವು. ಪೆಟ್ಟು ತಿಂದ ತುಂಡು 0.55ರಿಂದ 0.20ಕ್ಕೆ ಇಳಿಯಿತು. ಮರುವರ್ಷ ಅದೇ ಹೊತ್ತಿಗೆ 0.41ಕ್ಕೆ ಬಂತು. ಕಳೆದುಕೊಂಡ 0.35ರಲ್ಲಿ 0.21 ವಾಪಸ್, ಅಂದರೆ ಶೇ 60 ಚೇತರಿಕೆ. ಆದರೆ ಜೋಡಿ ತುಂಡನ್ನು ನೋಡಿ. ಅದಕ್ಕೆ ಬೆಂಕಿಯೇ ಬಿದ್ದಿಲ್ಲ, ಆದರೂ ಆ ವರ್ಷ ಅದು 0.55ರಿಂದ 0.50ಕ್ಕೆ ಇಳಿದಿದೆ, ಮಳೆ ಬೇಗ ಹಿಂದೆ ಸರಿದಿತ್ತು ಎಂದುಕೊಳ್ಳೋಣ. ಆಗ ನಮ್ಮ ತುಂಡು ತಲುಪಬೇಕಿದ್ದ ಗುರಿ 0.55 ಅಲ್ಲ, 0.50. ಉಳಿದಿರುವ ಅಂತರ 0.09. 0.35ರ ಅಂತರ 0.09ಕ್ಕೆ ಬಂದಿದೆ ಎಂದರೆ ಚೇತರಿಕೆ ಸುಮಾರು ಶೇ 74. ಒಂದೇ ಕಾಡು, ಎರಡು ಉತ್ತರ. ಬರಗಾಲದ ತಪ್ಪನ್ನು ಬೆಂಕಿಯ ತಲೆಗೆ ಕಟ್ಟದಿರಲು ಜೋಡಿ ತುಂಡು ಬೇಕು ಎಂದದ್ದು ಇದಕ್ಕೇ. ಮಳೆಯ ಅಂಕಿ ಬೇಕಿದ್ದರೆ 1981ರಿಂದೀಚಿನ ಚರ್ಪ್ಸ್ (CHIRPS) ದತ್ತಾಂಶವಿದೆ, ಸುಮಾರು 5 ಕಿ.ಮೀ. ಚೌಕಗಳಲ್ಲಿ.

ಬೆಂಕಿಯ ತೀವ್ರತೆಗೆ ಅಮೆರಿಕದವರು ಮಾಡಿದ ಒಂದು ಪಟ್ಟಿ ಎಲ್ಲೆಡೆ ಚಲಾವಣೆಯಲ್ಲಿದೆ: ಎನ್‌ಬಿಆರ್ ಇಳಿಕೆ 0.1ಕ್ಕಿಂತ ಕಡಿಮೆಯಿದ್ದರೆ ಸುಟ್ಟಿಲ್ಲ, 0.27ರವರೆಗೆ ಸೌಮ್ಯ, 0.66 ದಾಟಿದರೆ ಭೀಕರ. ಅಲ್ಲಿನ ಕಾಡುಗಳಿಗೆ ಹೊಂದಿಸಿದ ಪಟ್ಟಿ ಅದು. ಅಲ್ಲಿ ಬೆಂಕಿ ಮರದ ತುದಿಗೆ ಹತ್ತಿ ಹಾರುತ್ತದೆ. ನಮ್ಮಲ್ಲಿ ಹೆಚ್ಚಾಗಿ ನೆಲದ ದರಗು ಸುಡುತ್ತದೆ. ಮೇಲೆ ಹಸಿರು ಚಪ್ಪರ ಹಾಗೇ ಇರುತ್ತದೆ, ಕೆಳಗೆ ಮುಂದಿನ ತಲೆಮಾರಿನ ಸಸಿಗಳೆಲ್ಲ ಬೂದಿ. ಉಪಗ್ರಹಕ್ಕೆ ಕಾಣುವುದು ಚಪ್ಪರ ಮಾತ್ರ. ಆದ್ದರಿಂದ ಪಶ್ಚಿಮ ಘಟ್ಟದ ಕಾಡಿನಲ್ಲಿ "ಸೌಮ್ಯ" ಎಂದು ಬಂದ ಫಲಿತಾಂಶ ಓದಿ ಸಮಾಧಾನಪಡಬೇಡಿ.

ಬಂದದ್ದು ಕಾಡೋ, ಕಳೆಯೋ

ವಾಳಪೈ ಹತ್ತಿರ ಗೇರು ತೋಟದ ಕೆಲಸಕ್ಕಿರುವ ಹಾವೇರಿ ಕಡೆಯ ಹಿರಿಯರೊಬ್ಬರಿಗೆ ಲ್ಯಾಪ್‌ಟಾಪಿನಲ್ಲಿ ಈ ಚಿತ್ರಗಳನ್ನು ತೋರಿಸಿದೆ. ಡಿಸೆಂಬರಿನ ಚಿತ್ರದಲ್ಲಿ ಸುಟ್ಟ ಇಳಿಜಾರು ದಟ್ಟ ಹಸಿರು. ಬೆರಳಿನಿಂದ ಆ ಜಾಗವನ್ನು ಒತ್ತಿ ಹಿಡಿದು ಅವರು ಹೇಳಿದರು: "ಹಸರ ಐತ್ರೀ ಸರ, ಆದ್ರ ಅದು ಅಡವಿ ಅಲ್ರೀ. ಬರೇ ರಾನಮೋಡಿ ಕಂಟಿ. ಶಿವರಾತ್ರಿ ಹೊತ್ತಿಗೆ ಒಣಗಿ ನಿಂದರ್ತೈತಿ, ಬೀಡಿ ಕಿಡಿ ಬಿದ್ರ ಸಾಕು."

ರಾನಮೋಡಿ ಎಂದರೆ ನಮ್ಮ ಕರಾವಳಿ, ಮಲೆನಾಡಿನವರು ಕಮ್ಯುನಿಸ್ಟ್ ಗಿಡ ಎನ್ನುವ ಅದೇ ಕಳೆ. ಬೆಂಕಿ ಬಿದ್ದು ಚಪ್ಪರ ತೆರೆದ ಜಾಗಕ್ಕೆ ಮೊದಲು ನುಗ್ಗುವುದೇ ಅದು. ಆಳೆತ್ತರ ಬೆಳೆದು ಸಸಿಗಳನ್ನು ಮುಚ್ಚುತ್ತದೆ, ಬೇಸಿಗೆಯಲ್ಲಿ ಒಣಗಿ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಡಿಸೆಂಬರಿನ ಸೂಚ್ಯಂಕಕ್ಕೆ ಇದೂ ಒಂದೇ, ಹತ್ತಾಳು ಎತ್ತರದ ಮರವೂ ಒಂದೇ.

ಇದನ್ನು ಬೇರ್ಪಡಿಸಲು ಮಾರ್ಚಿನ ಚಿತ್ರ ನೆರವಿಗೆ ಬರುತ್ತದೆ. ಬೆಂಕಿಗೆ ಮುಂಚಿನ ಮಾರ್ಚ್‌ಗಳಲ್ಲಿ ಆ ತುಂಡಿನ ಅಂಕಿ ಎಷ್ಟಿರುತ್ತಿತ್ತು ಎಂದು ಬರೆದಿಟ್ಟುಕೊಳ್ಳಿ. ಬೆಂಕಿಯ ನಂತರದ ವರ್ಷಗಳಲ್ಲಿ ಡಿಸೆಂಬರ್ ಅಂಕಿ ಪೂರ್ತಿ ಮರಳಿದ್ದು, ಮಾರ್ಚ್ ಅಂಕಿ ಮಾತ್ರ ಜೋಡಿ ತುಂಡಿಗಿಂತ ತೀರಾ ಕೆಳಗಿದ್ದರೆ, ಅಲ್ಲಿ ಬೇರು ಆಳಕ್ಕಿಲ್ಲದ, ಬೇಗ ಒಣಗುವ ಹಸಿರು ಸೇರಿಕೊಂಡಿದೆ ಎಂಬ ಬಲವಾದ ಅನುಮಾನಕ್ಕೆ ಎಡೆಯಿದೆ. ಡಿಸೆಂಬರ್‌ಗೂ ಮಾರ್ಚ್‌ಗೂ ನಡುವಿನ ಕುಸಿತ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದರೆ ಮರಗಳು ಮತ್ತೆ ನೆಲೆಯೂರುತ್ತಿವೆ ಎನ್ನಬಹುದು. ಇಡೀ ವಿಧಾನದಲ್ಲಿ ನನಗೆ ಹೆಚ್ಚು ಭರವಸೆ ಇರುವ ಅಳತೆ ಇದೇ.

ಸಿದ್ಧ ನಕ್ಷೆಗಳು ಈ ವಿಷಯದಲ್ಲಿ ಸಹಾಯಕ್ಕೆ ಬರುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಎರಡು ವರ್ಷಕ್ಕೊಮ್ಮೆಯ ವರದಿಯಲ್ಲಿ ಒಂದು ಹೆಕ್ಟೇರ್ ಮತ್ತು ಶೇ 10 ಚಪ್ಪರ ಇದ್ದ ಎಲ್ಲವೂ ಅರಣ್ಯ ಹೊದಿಕೆ. ಒಡೆಯ ಯಾರು, ಜಾತಿ ಯಾವುದು ಎಂದು ಕೇಳುವುದಿಲ್ಲ. ಗೇರು, ರಬ್ಬರ್, ಡಿಚೋಲಿ ಕಡೆಯ ಗಣಿ ಮಣ್ಣಿನ ದಿಬ್ಬಗಳ ಮೇಲೆ ನೆಟ್ಟ ಅಕೇಶಿಯಾ ಎಲ್ಲವೂ ಅದರೊಳಗೆ ಬಂದುಬಿಡುತ್ತವೆ. ಪುಣೆಯ ಓದುಗರು ವೇತಾಳ ಟೇಕಡಿ ಗುಡ್ಡದ ಗಿರಿಪುಷ್ಪದ (ಗ್ಲಿರಿಸಿಡಿಯ) ಗಿಡಗಳನ್ನೂ, ಮುಂಬಯಿಯವರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚುಗಳನ್ನೂ ಇದೇ ಕಣ್ಣಿನಿಂದ ನೋಡಬಹುದು.

ರೇಡಾರ್ ಇನ್ನೊಂದು ದಾರಿ. ಮೋಡ ಅದಕ್ಕೆ ಅಡ್ಡಿಯಲ್ಲ. ಸೆಂಟಿನೆಲ್-1ರ ಸಿ ಬ್ಯಾಂಡ್ ಅಲೆ ಎಲೆಗಳ ಮೇಲ್ಪದರದಲ್ಲೇ ಚದುರಿಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಎಲ್ ಬ್ಯಾಂಡ್ ಅಲೆ ಉದ್ದ. ಎಲೆ ದಾಟಿ ಕೊಂಬೆ, ಕಾಂಡದವರೆಗೆ ಇಳಿಯುತ್ತದೆ. 12 ದಿನಕ್ಕೊಮ್ಮೆ ಮರಳುತ್ತದೆ. ಕಳೆಯಿಂದ ಮರವನ್ನು ಬೇರ್ಪಡಿಸಲು ಇದು ದೊಡ್ಡ ಆಸರೆಯಾಗಲಿದೆ.

ಪೆಟ್ಟು ಬೀಳುವ ಮುನ್ನವೇ ತಿಳಿಯಬಹುದೇ

ವಿಜ್ಞಾನಿಗಳು ಇತ್ತೀಚೆಗೆ ಹೆಚ್ಚು ಆಸಕ್ತಿ ವಹಿಸಿರುವುದು ಇಲ್ಲಿ. ಜ್ವರ ಬಿಟ್ಟ ಮೇಲೆ ಗಟ್ಟಿಮುಟ್ಟಾದವನು ಎರಡು ದಿನಕ್ಕೆ ಓಡಾಡುತ್ತಾನೆ, ನಿತ್ರಾಣನಾದವನು ವಾರಗಟ್ಟಲೆ ಮಲಗುತ್ತಾನೆ. ಕಾಡಿಗೂ ಸಣ್ಣ ಸಣ್ಣ ಏರಿಳಿತಗಳಿಂದ ಮೇಲೇಳಲು ಹಿಡಿಯುವ ಹೊತ್ತು ಹೆಚ್ಚುತ್ತ ಹೋದರೆ ಅದು ಸೊರಗುತ್ತಿದೆ ಎಂದರ್ಥ. ಅಳೆಯುವುದು ಹೀಗೆ: ತಿಂಗಳುವಾರು ಸೂಚ್ಯಂಕದಿಂದ ಋತುಮಾನದ ಸಹಜ ಏರಿಳಿತವನ್ನೂ ದೀರ್ಘಕಾಲದ ಒಲವನ್ನೂ ಕಳೆದುಬಿಡಿ. ಉಳಿದ ಅಂಕಿಗಳನ್ನು ಸ್ಪ್ರೆಡ್‌ಶೀಟಿನ ಒಂದು ಕಂಬದಲ್ಲಿಡಿ. ಪಕ್ಕದ ಕಂಬದಲ್ಲಿ ಅವೇ ಅಂಕಿಗಳನ್ನು ಒಂದು ಸಾಲು ಸರಿಸಿ ಇಡಿ. ಎರಡರ ನಡುವಿನ ಸಹಸಂಬಂಧ, ಅಂದರೆ ಎರಡು ಕಂಬಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ತೆಗೆಯಿರಿ. ಐದೈದು ವರ್ಷಗಳ ಕಂತುಗಳಲ್ಲಿ ಆ ಅಂಕಿ 1ರ ಕಡೆಗೆ ಏರುತ್ತಿದ್ದರೆ, ಈ ತಿಂಗಳ ನೋವು ಮುಂದಿನ ತಿಂಗಳಿಗೂ ಉಳಿಯುತ್ತಿದೆ ಎಂದಾಯಿತು.

2016ರಲ್ಲಿ ಈ ವಿಧಾನದಿಂದ ಜಗತ್ತಿನ ಉಷ್ಣವಲಯದ ಕಾಡುಗಳನ್ನು ನೋಡಿದವರಿಗೆ ವಾರ್ಷಿಕ ಮಳೆ 1500 ಮಿ.ಮೀ.ಗಿಂತ ಕೆಳಗಿಳಿದಂತೆ ಚೇತರಿಕೆ ನಿಧಾನವಾಗುವುದು ಕಂಡಿತು. 2022ರ ಇನ್ನೊಂದು ಅಧ್ಯಯನ, ಅಮೆಜಾನ್ ಕಾಡಿನ ಮುಕ್ಕಾಲಿಗೂ ಹೆಚ್ಚು ಭಾಗ ಈ ಶತಮಾನದ ಆರಂಭದಿಂದ ತಾಳಿಕೆ ಕಳೆದುಕೊಳ್ಳುತ್ತಿದೆ, ಒಣ ಪ್ರದೇಶಗಳಲ್ಲೂ ಮನುಷ್ಯರ ಓಡಾಟಕ್ಕೆ ಹತ್ತಿರವಿರುವ ಕಡೆಯೂ ಇದು ಹೆಚ್ಚು ಎಂದಿತು. ಗೋವಾದಲ್ಲಿ ಸರಾಸರಿ 3000 ಮಿ.ಮೀ. ಮಳೆ ಸುರಿದರೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ನಮ್ಮ ಕಾಡಿಗೆ ಒಟ್ಟು ಮಳೆಯಷ್ಟೇ ಮುಖ್ಯವಾದದ್ದು ಉಳಿದ ಎಂಟು ತಿಂಗಳ ಒಣಗಾಲ ಎಂದು ನನ್ನ ಅನಿಸಿಕೆ.

ಅಮೆಜಾನ್ ಅಧ್ಯಯನ ಬಳಸಿದ ಸೂಕ್ಷ್ಮತರಂಗದ ದತ್ತಾಂಶದಲ್ಲಿ ಒಂದು ಚೌಕ ಸುಮಾರು 25 ಕಿ.ಮೀ. ಅಗಲ. ಮಹದಾಯಿ ಅಭಯಾರಣ್ಯದಂಥವು ಮೂರು ಅದರಲ್ಲಿ ಮುಳುಗಿಹೋಗುತ್ತವೆ. ನಮಗೆ ಹೊಂದುವುದು 2000ದಿಂದ ಲಭ್ಯವಿರುವ, 250 ಮೀಟರಿನ, ನಾಸಾದ ಮೋಡಿಸ್ (MODIS) ಉಪಕರಣದ ದತ್ತಾಂಶ. ಸೆಂಟಿನೆಲ್-2ರ ವರ್ಷಗಳು ಇದಕ್ಕಿನ್ನೂ ಸಾಲವು. ಎರಡು ಬೇರೆ ಉಪಗ್ರಹಗಳ ಅಂಕಿಗಳನ್ನು ಒಂದೇ ಸರಣಿಯಾಗಿ ಹೊಲಿಯಬೇಡಿ, ಉಪಕರಣ ಬದಲಾದದ್ದೇ ಕಾಡು ಬದಲಾದಂತೆ ಕಾಣುತ್ತದೆ. ಮಳೆಗಾಲದ ಖಾಲಿ ತಿಂಗಳುಗಳನ್ನು ಅಂದಾಜಿನ ಅಂಕಿಗಳಿಂದ ತುಂಬಲೂ ಬೇಡಿ; ಹಾಗೆ ತುಂಬಿದ ಅಂಕಿಗಳು ಅಕ್ಕಪಕ್ಕದವುಗಳಂತೆಯೇ ಇರುವುದರಿಂದ ಸಹಸಂಬಂಧ ಸುಮ್ಮನೆ ಏರುತ್ತದೆ. ಅಕ್ಟೋಬರಿನಿಂದ ಮೇವರೆಗಿನ ಜೋಡಿಗಳನ್ನಷ್ಟೇ ಎಣಿಸಿ.

ಕೊನೆಗೆ ಕಾಲ್ನಡಿಗೆ, ಕಡತ

ಅಂಕಿ ಬಂದ ಮೇಲೆ ಜಾಗಕ್ಕೆ ಹೋಗಲೇಬೇಕು. ಅಭಯಾರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕೇಳದೆ ಒಳನುಗ್ಗಬೇಡಿ. ಅನುಮತಿ ಸಿಗುವವರೆಗೆ ಊರಿನ ದಾರಿಯಿಂದ ಕಾಣುವ ಅಂಚು ಸಾಕು. ನೋಡಬೇಕಾದದ್ದು ಮೂರೇ: ಮೊಣಕಾಲೆತ್ತರದ ಮರದ ಸಸಿಗಳು ಇವೆಯೇ, ಸುಟ್ಟ ಬುಡದಿಂದ ಚಿಗುರು ಬಂದಿದೆಯೇ, ಕಳೆ ಎಷ್ಟು ದಟ್ಟ. ಸ್ಥಳದ ಅಕ್ಷಾಂಶ ರೇಖಾಂಶ ಸಹಿತ ಫೋಟೊ ತೆಗೆದು, ಮುಂದಿನ ವರ್ಷ ಅಲ್ಲೇ ನಿಂತು ಅದೇ ಕಡೆಗೆ ಮತ್ತೆ ತೆಗೆಯಿರಿ. ಊರಿನ ಹಿರಿಯರನ್ನು ಕೇಳುವಾಗ "ಬೆಂಕಿ ಹಚ್ಚಿದವರಾರು" ಎಂದು ಶುರು ಮಾಡಬೇಡಿ. ಜೇನು, ಮುರುಗಲು, ತೊರೆಯ ನೀರು ಹೇಗಿದೆ ಎಂದು ಕೇಳಿ, ಕಾಡಿನ ಕತೆ ತಾನಾಗಿ ಬರುತ್ತದೆ.

ಕಡತದಲ್ಲಿ ಎರಡೂ ತುಂಡುಗಳ ಗಡಿ, ಬಳಸಿದ ಪ್ರತಿ ಚಿತ್ರದ ದಿನಾಂಕ, ಸಂಸ್ಕರಣೆಯ ಆವೃತ್ತಿ, ಡಿಸೆಂಬರ್ ಮತ್ತು ಮಾರ್ಚ್‌ನ ಮಧ್ಯಾಂಕಗಳು, ಸ್ಥಳದ ಫೋಟೊ ಇಷ್ಟು ಇರಲಿ. ನಿಮ್ಮ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿ ಅದೇ ಉತ್ತರ ಪಡೆಯುವಂತಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಡಿಸೆಂಬರಿನ ಅಂಕಿ ಸಿದ್ಧವಾದ ಕೂಡಲೇ ಒಂದು ಪುಟದ ಟಿಪ್ಪಣಿಯನ್ನು ಕೊಂಕಣಿಯಲ್ಲೋ ಮರಾಠಿಯಲ್ಲೋ ಬರೆಸಿ ಆ ಸಮಿತಿಗೂ ವಲಯ ಅರಣ್ಯಾಧಿಕಾರಿಗೂ ಜನವರಿಯೊಳಗೆ ತಲುಪಿಸಿ. ಕಳೆ ಒಣಗುವುದು ಫೆಬ್ರವರಿಯಲ್ಲಿ. ಬೆಂಕಿ ಪಟ್ಟಿ ಸವರಲು ಅವರಿಗೆ ಸಿಗುವ ಸಮಯ ಅಷ್ಟೇ.